ವರ್ಲ್ಡ್ ಸ್ಕೂಲ್ಸ್ ಡಿಬೇಟ್‌ಗೆ ತಂಡ ಕಟ್ಟುವುದು ಹೇಗೆ

ನಮ್ಮ ಶಾಲೆಗಳ ಚರ್ಚಾಸ್ಪರ್ಧೆ ಅಂದರೆ ಬಾಯಿಪಾಠ ಒಪ್ಪಿಸಿ ಇಳಿಯುವುದು, ಅಲ್ವಾ? ವರ್ಲ್ಡ್ ಸ್ಕೂಲ್ಸ್ ಅನ್ನೋ ಈ ಅಂತರರಾಷ್ಟ್ರೀಯ ಶಾಲಾ ಚರ್ಚಾ ಮಾದರಿಯಲ್ಲಿ ಅದು ನಡೆಯುವುದಿಲ್ಲ.

ಪ್ರತಿ ತಂಡದಿಂದ ಮೂವರು, ತಲಾ 8 ನಿಮಿಷ. ಪರ, ವಿರೋಧ, ಮತ್ತೆ ಪರ, ಹೀಗೆ ಸಾಗುತ್ತದೆ. ಆಮೇಲೆ ಪ್ರತಿ ತಂಡದಿಂದ 4 ನಿಮಿಷದ ರಿಪ್ಲೈ, ಅಂದರೆ ಚರ್ಚೆಯನ್ನು ಒಟ್ಟುಗೂಡಿಸುವ ಮುಕ್ತಾಯದ ಭಾಷಣ. ಇದನ್ನು ಮೊದಲನೆಯವರೋ ಎರಡನೆಯವರೋ ಕೊಡಬೇಕು, ಮೂರನೆಯವರಲ್ಲ. ಇಲ್ಲಿ ವಿರೋಧ ತಂಡದ್ದೇ ಮೊದಲು, ಹಾಗಾಗಿ ಅವರ ಮೂರನೆಯವರ 8 ನಿಮಿಷ, ರಿಪ್ಲೈಯ 4 ಸೇರಿ ಅವರಿಗೆ ಸತತ 12 ನಿಮಿಷ ಸಿಗುತ್ತದೆ, ಪರ ತಂಡಕ್ಕೆ ಕೊನೆಯ ಮಾತು.

ಜಾಸ್ತಿ ಮಕ್ಕಳು ಎಡವುವುದು ಪಾಯಿಂಟ್ ಆಫ್ ಇನ್ಫರ್ಮೇಶನ್‌ನಲ್ಲಿ, ಅಂದರೆ 8 ನಿಮಿಷದ ಭಾಷಣದ ನಡುವೆ ಎದುರು ತಂಡ ಕೇಳುವ ಚಿಕ್ಕ ಪ್ರಶ್ನೆಯಲ್ಲಿ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಯಾವಾಗ ಬೇಕಾದರೂ ಎದುರು ತಂಡದವರು ಎದ್ದು ನಿಲ್ಲಬಹುದು, ಬೇಕಿದ್ದರೆ ಒಪ್ಪಿಕೊಳ್ಳಿ, ಬೇಡವಾದರೆ "ಈಗ ಬೇಡ" ಅಂದು ಮುಂದುವರಿಯಿರಿ. ಎಲ್ಲವನ್ನೂ ತಳ್ಳಿಹಾಕಿದರೆ ಹೆದರಿದಂತೆ ಕಾಣುತ್ತದೆ, ಎರಡು ತಗೊಂಡರೆ ಸಾಕು. ನನ್ನ ತಂಡದ ಹುಡುಗನೊಬ್ಬ ಹೋಂವರ್ಕ್ ರದ್ದತಿ ಬಗ್ಗೆ ಮಾತಾಡುವಾಗ ಆರು ಪ್ರಶ್ನೆ ತಗೊಂಡ! ಅವನ ಎರಡನೇ ವಾದ ಹಾಗೇ ಚೀಟಿಯಲ್ಲೇ ಉಳಿಯಿತು.

ಮೂರನೆಯವರ ಕೆಲಸ ಬಹುಪಾಲು ಖಂಡನೆಯೇ. ರಿಪ್ಲೈಯಲ್ಲಂತೂ ಹೊಸ ವಾದ ತರಲೇಬೇಡಿ, ಯಾಕೆ ಗೆದ್ದೆವು ಅಂತ ತೂಗಿ ತೋರಿಸಿ.

ಅಂಕ 100ಕ್ಕೆ: ವಿಷಯಕ್ಕೆ 40, ಶೈಲಿಗೆ 40, ತಂತ್ರಕ್ಕೆ 20. ಸುಮ್ನೆ ಕಿರುಚಿದರೆ ಏನೂ ಸಿಗುವುದಿಲ್ಲ.

ಇನ್ನು ದಿಢೀರ್ ವಿಷಯ ಬಂದರೆ ತಯಾರಿಗೆ ಒಂದೇ ಗಂಟೆ. ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ಬರೆದುಕೊಳ್ಳಿ, ಆಮೇಲೆ ಜಗಳ ಆಡಿ.