ಮನೆಯ ಹಾಡಿಗೆ ಸ್ಕ್ರ್ಯಾಚ್: ಸಣ್ಣ ಡಿಜೆ ಕಂಟ್ರೋಲರ್ ಸಾಕು

ಮಳೆಗಾಲದಲ್ಲಿ ಚಿಕ್ಕಮಗಳೂರಿನ ಹೆಂಚಿನ ಮನೆಯಲ್ಲಿ ಮೈಕ್ ಆನ್ ಮಾಡಿದರೆ ಹಾಡಿಗಿಂತ ಮಳೆಯೇ ಜೋರು. ಸ್ಕ್ರ್ಯಾಚ್‌ಗೆ, ಅಂದರೆ ಡಿಜೆಗಳು ಒಂದು ಸದ್ದನ್ನು ಹಿಂದೆ ಮುಂದೆ ಉಜ್ಜಿ ಎಬ್ಬಿಸುವ ಶಬ್ದಕ್ಕೆ, ಆ ತೊಂದರೆಯಿಲ್ಲ. ಅದು ಲ್ಯಾಪ್‌ಟಾಪಿನೊಳಗೇ ಹುಟ್ಟಿ ಅಲ್ಲೇ ಫೈಲ್ ಆಗುತ್ತದೆ.

ಕಂಟ್ರೋಲರ್ (ಲ್ಯಾಪ್‌ಟಾಪಿಗೆ ಯುಎಸ್‌ಬಿಯಲ್ಲಿ ಜೋಡಿಸುವ ಡಿಜೆ ಸಾಧನ) ಕೊಳ್ಳುವಾಗ ಎರಡು ಸಂಗತಿ ನೋಡಿ: ಜಾಗ್ ವೀಲ್‌ಗೆ (ಕೈಯಲ್ಲಿ ತಿರುಗಿಸುವ ತಟ್ಟೆ) ಬೆರಳಿನ ಸ್ಪರ್ಶ ತಿಳಿಯಬೇಕು, ಒಳಗೇ ಸೌಂಡ್ ಕಾರ್ಡ್ (ಸ್ಪೀಕರಿಗೊಂದು, ಹೆಡ್‌ಫೋನಿಗೊಂದು ಸದ್ದು ಕಳಿಸುವ ಭಾಗ) ಇರಬೇಕು. ಹರ್ಕ್ಯುಲಿಸ್ ಇನ್‌ಪಲ್ಸ್ 200ರಲ್ಲಿ ಎರಡೂ ಇವೆ. ಪಯೋನಿಯರ್ ಡಿಡಿಜೆ-200ರಲ್ಲಿ ಸೌಂಡ್ ಕಾರ್ಡ್ ಇಲ್ಲ. ತಂತ್ರಾಂಶಕ್ಕೆ ದುಡ್ಡು ಬೇಡ. ಡಿಜೆ ತಂತ್ರಾಂಶ ‘ಮಿಕ್ಸ್’ (ಹೆಸರಿನ ಕೊನೆಗೆ ಮೂರು ಎಕ್ಸ್) ಮತ್ತು ಸದ್ದು ಕತ್ತರಿಸಿ ಜೋಡಿಸುವ ಆಡಾಸಿಟಿ ಎರಡೂ ಉಚಿತ.

ಮೊದಲು ಉಜ್ಜುವುದಕ್ಕೊಂದು ಸದ್ದು ಬೇಕು. ಡೊಳ್ಳಿನ ಪೆಟ್ಟು ಕೇಳಲು ಚೆಂದ, ಆದರೆ ಕೈ ನಿಧಾನವಾದಷ್ಟೂ ಶ್ರುತಿ ಇಳಿದು ಸಣ್ಣ ಸ್ಪೀಕರಿನಲ್ಲಿ ಏನೂ ಕೇಳಿಸುವುದಿಲ್ಲ. ‘ಹೇಯ್’, ‘ಶ್ಯಾ’ದಂಥ ಕೂಗು ಅಥವಾ ನಾದಸ್ವರದ ಒಂದು ಸ್ವರ ಒಳ್ಳೆಯದು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರೊಳಕ್ಕೆ ಮುಖಮಾಡಿ ಫೋನಿನಲ್ಲಿ ಹಿಡಿಯಿರಿ. ಆಡಾಸಿಟಿಯಲ್ಲಿ ಸದ್ದು ಶುರುವಾಗುವಲ್ಲಿಗೇ ಕತ್ತರಿಸಿ, ಒಂದು ಸೆಕೆಂಡ್ ಉಳಿಸಿ, ಅದರ ಕೊನೆಗೆ ಐದು ಸೆಕೆಂಡ್ ಮೌನ ಸೇರಿಸಿ. ಮೌನವಿಲ್ಲದಿದ್ದರೆ ಕೈ ಬಿಟ್ಟ ಕೂಡಲೇ ಟ್ರ್ಯಾಕ್ ಮುಗಿದು ಡೆಕ್ (ಟ್ರ್ಯಾಕ್ ನುಡಿಸುವ ಭಾಗ; ಎಡಕ್ಕೊಂದು, ಬಲಕ್ಕೊಂದು) ನಿಲ್ಲುತ್ತದೆ.

ಮಿಕ್ಸ್‌ನಲ್ಲಿ ಬಫರ್ (ನುಡಿಸುವ ಮುನ್ನ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) ಇಳಿಸಿ. 44,100 ಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಎಂದರೆ ಸುಮಾರು 23 ಮಿಲಿಸೆಕೆಂಡ್ ತಡ. ಕೈ ಒಂದು ಕಡೆ, ಸದ್ದು ಒಂದು ಕಡೆ. 256ಕ್ಕೆ ತಂದರೆ ಸುಮಾರು 6. ಸದ್ದು ಪಟಪಟ ಒಡೆದರೆ ಯುಎಸ್‌ಬಿ ಹಬ್ ತೆಗೆದು ನೇರ ಚುಚ್ಚಿ. ಕರೆಂಟ್ ಹೋದಾಗ ಪವರ್ ಸೇವರ್ ತಾನಾಗಿ ಶುರುವಾಗಿದೆಯೇ, ಅದನ್ನೂ ನೋಡಿ. ಕ್ರಾಸ್‌ಫೇಡರ್ (ಎಡ, ಬಲ ಡೆಕ್‌ಗಳ ನಡುವೆ ಸದ್ದು ಬದಲಿಸುವ ಅಡ್ಡ ಜಾರುಗುಂಡಿ) ಕರ್ವ್ ‘ಫಾಸ್ಟ್ ಕಟ್’ ಕಡೆಗಿರಲಿ. ಕೀಲಾಕ್ (ಶ್ರುತಿ ಬದಲಾಗದಂತೆ ಹಿಡಿಯುವುದು), ಸಿಂಕ್ (ವೇಗ ತಾನಾಗಿ ಹೊಂದಿಸುವುದು) ಆಫ್. ವಿನೈಲ್ ಮೋಡ್ (ಜಾಗ್ ವೀಲ್ ಮುಟ್ಟಿದರೆ ಸ್ಕ್ರ್ಯಾಚ್ ಆಗುವುದು) ಆನ್.

ಬಹಳ ಜನ ಎಡವುವುದು ಮುಂದಿನ ಹಂತದಲ್ಲಿ. ಹಾಡು, ಸ್ಕ್ರ್ಯಾಚ್ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿದರೆ ಆಮೇಲೆ ಬೇರ್ಪಡಿಸಲಾಗದು. ಹಾಡಿನ ಫೈಲಿನ ಮೊದಲಿಗೆ ನಾಲ್ಕು ಟಿಕ್ ಸೇರಿಸಿ ಬಲ ಡೆಕ್‌ಗೆ ಹಾಕಿ, ಕೂಗನ್ನು ಎಡಕ್ಕೆ. ಬಲಗಡೆಯ ಹೆಡ್‌ಫೋನ್ ಬಟನ್ ಒತ್ತಿ, ಹೆಡ್‌ಫೋನ್ ಮಿಕ್ಸ್ ನಡುವಿಗೆ ತನ್ನಿ. ಕ್ರಾಸ್‌ಫೇಡರ್ ನಡುವಿನಲ್ಲಿಟ್ಟು ರೆಕಾರ್ಡ್ ಶುರುಮಾಡಿ, ಟಿಕ್ ಮುಗಿಯುತ್ತಲೇ ಬಲಗಡೆಯ ವಾಲ್ಯೂಮ್ ಫೇಡರ್ ಪೂರ್ತಿ ಇಳಿಸಿ. ಹಾಡು ಈಗ ನಿಮ್ಮ ಕಿವಿಗೆ ಮಾತ್ರ, ಫೈಲಿಗೆ ಸ್ಕ್ರ್ಯಾಚ್ ಮಾತ್ರ. ಆಡಾಸಿಟಿಯಲ್ಲಿ ಟಿಕ್‌ಗೆ ಟಿಕ್ ಕೂಡಿಸಿದರೆ ತಾಳ ತಾನೇ ಕೂರುತ್ತದೆ.

ಕೈಗೆ ಮೊದಲ ಪಾಠ ಬೇಬಿ ಸ್ಕ್ರ್ಯಾಚ್: ಕ್ರಾಸ್‌ಫೇಡರ್ ತೆರೆದಿಟ್ಟು ಜಾಗ್ ವೀಲ್ ಮುಂದೆ ತಳ್ಳಿ, ಹಿಂದೆ ಎಳೆಯಿರಿ. ನಿಮಿಷಕ್ಕೆ 90 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ 0.67 ಸೆಕೆಂಡ್; ಅರ್ಧ ತಳ್ಳಲು, ಅರ್ಧ ಎಳೆಯಲು. ಜಾಗ್ ವೀಲ್ ಮೇಲೆ, ಗಡಿಯಾರದ 12 ಇರುವ ಜಾಗಕ್ಕೆ, ಬಣ್ಣದ ಟೇಪಿನ ಚೂರು ಅಂಟಿಸಿದರೆ, ಕೈ ಬಿಡುವವರೆಗೆ ಕೂಗಿನ ಶುರು ಎಲ್ಲಿದೆಯೆಂದು ಕಣ್ಣಿಗೆ ಗೊತ್ತಾಗುತ್ತದೆ. ಇದು ಕೂತ ಮೇಲೆ ಫಾರ್ವರ್ಡ್: ಎಳೆಯುವಾಗ ಕ್ರಾಸ್‌ಫೇಡರ್ ಮುಚ್ಚಿ, ತಳ್ಳುವಾಗ ತೆರೆಯಿರಿ. ಈ ಎರಡರಲ್ಲೇ ಒಂದು ಹಾಡು ತುಂಬಬಹುದು. ಹಾಡುವವರ ಮಾತಿನ ಮೇಲೆ ಉಜ್ಜಬೇಡಿ. ಸಾಲಿನ ಕೊನೆಯ ಖಾಲಿ ಜಾಗ ಸ್ಕ್ರ್ಯಾಚ್‌ನದು.

ಮಿಕ್ಸಿಂಗ್‌ನಲ್ಲಿ ಸ್ಕ್ರ್ಯಾಚ್‌ನ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಹಾಡಿನ ಬೇಸ್ ಮಬ್ಬಾಗುತ್ತದೆ.

ಮಲೆನಾಡಿನ ತೇವಕ್ಕೆ ಫೇಡರ್ ಬೇಗ ಹಾಳಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಫೇಡರ್ ತಡವರಿಸಿದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ಹೊಲಿಗೆ ಯಂತ್ರದ ಎಣ್ಣೆ ಬೇಡ, ಅದು ಧೂಳು ಹಿಡಿಯುತ್ತದೆ.