ವಿಮೆಯ ಆಸರೆ ಕಡಿಮೆ ಇದ್ದಾಗ ಮಧುಮೇಹವನ್ನು ನಿಭಾಯಿಸುವ ಕ್ರಮ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ದರ) ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ ದೊರೆಯುತ್ತದೆ. ಆದರೆ ಈ ನೆರವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಕೊಳೆತ ಕಾಲ್ಬೆರಳನ್ನು ತೆಗೆಸಲು ಕಾರ್ಡ್ ನೆರವಾಗಬಹುದು. ಅದು ಕೊಳೆಯದಂತೆ ತಡೆಯುವ ತಿಂಗಳ ಮಾತ್ರೆಗೆ ನೆರವಾಗದು. ಆದ್ದರಿಂದ ಕೈಯಲ್ಲಿರುವ ಹಣವನ್ನು ಮೊದಲು ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕಾಗುತ್ತದೆ.

ಮೊದಲ ಪಾಲು ಮಾತ್ರೆಗೆ. ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್ ಹಾಗೂ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ಗಳಲ್ಲಿ ಸಕ್ಕರೆ ಪರೀಕ್ಷೆಯೂ ಮೆಟ್‌ಫಾರ್ಮಿನ್‌ನಂತಹ ಮೂಲ ಔಷಧಗಳೂ ಉಚಿತವಾಗಿ ಸಿಗುತ್ತವೆ. ಅಲ್ಲಿ ದಾಸ್ತಾನು ಇಲ್ಲದಿದ್ದರೆ ಮಾತ್ರೆ ನಿಲ್ಲಿಸದೆ ಜನೌಷಧಿ ಕೇಂದ್ರಕ್ಕೆ ಹೋಗಿ. ವೈದ್ಯರು ದುಬಾರಿ ಬ್ರ್ಯಾಂಡ್ ಬರೆದಿದ್ದರೆ ಔಷಧದ ಮೂಲ ಹೆಸರನ್ನೇ ಬರೆದುಕೊಡುವಂತೆ ಕೇಳಲು ಸಂಕೋಚ ಬೇಡ. ಸಕ್ಕರೆ ಇಳಿಸುವ ಡಪಾಗ್ಲಿಫ್ಲೋಜಿನ್ ಮತ್ತು ಸಿಟಾಗ್ಲಿಪ್ಟಿನ್ ಔಷಧಗಳ ಪೇಟೆಂಟ್ ಮುಗಿದು, ಇವೆರಡರ ಅಗ್ಗದ ಜನರಿಕ್ ಮಾತ್ರೆಗಳು ಈಗ ಮಾರುಕಟ್ಟೆಯಲ್ಲಿವೆ.

ಇನ್ಸುಲಿನ್ ಬೇಕಾದವರಿಗೆ ಪೆನ್ನಿಗಿಂತ ವಯಲ್ (ಔಷಧದ ಪುಟ್ಟ ಸೀಸೆ) ಸಾಮಾನ್ಯವಾಗಿ ಅಗ್ಗವಾಗುತ್ತದೆ, ಆದರೆ ಒಂದು ಅಪಾಯವಿದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಹ್ಯೂಮನ್ ಇನ್ಸುಲಿನ್ ವಯಲ್‌ನಲ್ಲಿ ಒಂದು ಮಿಲಿಲೀಟರಿಗೆ 40 ಯುನಿಟ್ ಇದ್ದರೆ, ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿ ಅಷ್ಟೇ ಪ್ರಮಾಣಕ್ಕೆ 100 ಯುನಿಟ್ ಇರುತ್ತದೆ. 40ರ ವಯಲ್‌ಗೆ 40ರ ಸಿರಿಂಜನ್ನೇ ಬಳಸಬೇಕು. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಹಣ ಉಳಿಸಲೆಂದು ಡೋಸನ್ನು ತಾವಾಗಿಯೇ ಕಡಿಮೆ ಮಾಡುವುದೂ ಅಷ್ಟೇ ಅಪಾಯಕಾರಿ.

ಎರಡನೆಯ ಪಾಲು ಪರೀಕ್ಷೆಗಳಿಗೆ, ಅದರಲ್ಲೂ ಆಯ್ದ ಕೆಲವಕ್ಕೆ ಮಾತ್ರ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ, ಇದ್ದರೆ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ) ಸಾಕು. ಕಣ್ಣಿನ ಪಾಪೆ ಹಿಗ್ಗಿಸಿ ಮಾಡುವ ರೆಟಿನಾ ತಪಾಸಣೆ, ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ವರ್ಷಕ್ಕೊಮ್ಮೆ ಆಗಲೇಬೇಕು, ಏಕೆಂದರೆ ಕಣ್ಣು ಮತ್ತು ಮೂತ್ರಪಿಂಡದ ಹಾನಿ ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಬೆಂಗಳೂರಿನಲ್ಲಿ ಕಣ್ಣಿಗೆ ಮಿಂಟೋ ಆಸ್ಪತ್ರೆಯಿದೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ವಿಚಾರಿಸಬಹುದು. ಜಾಹೀರಾತಿನ ಐವತ್ತು–ಅರವತ್ತು ಪರೀಕ್ಷೆಗಳ ‘ಪ್ಯಾಕೇಜ್’ ಮತ್ತು ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುತ್ತೇವೆನ್ನುವ ಪುಡಿಗಳಿಗೆ ಸುರಿಯುವ ಹಣ, ನನ್ನ ಅಭಿಪ್ರಾಯದಲ್ಲಿ, ಮಾತ್ರೆಯ ಹಣವನ್ನೇ ಕದ್ದಂತೆ.

ಪಾದದ ಆರೈಕೆಗೆ ಖರ್ಚು ತೀರಾ ಕಡಿಮೆ. ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು, ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದು, ಸ್ಪರ್ಶ ಮಂದವಾಗಿದ್ದರೆ ಮೆತ್ತನೆಯ ಎಂಸಿಆರ್ (ಮೈಕ್ರೋ ಸೆಲ್ಯುಲಾರ್ ರಬ್ಬರ್) ಚಪ್ಪಲಿ ಧರಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಶಾಖ ಕೊಡುವುದು ಎರಡೂ ಬೇಡ. ಗಾಯ ಕೆಂಪಾಗಿ ಊದಿಕೊಂಡರೆ ಅಥವಾ ಕೀವು ಕಂಡರೆ ಅರಿಶಿನ ಹಚ್ಚಿ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ದಾಖಲಾಗುವ ಸ್ಥಿತಿ ಬರುವ ಮುನ್ನವೇ ಪಡಿತರ ಚೀಟಿ, ಆಧಾರ್ ಮತ್ತು ಆರೋಗ್ಯ ಕಾರ್ಡಿನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಸಂದರ್ಭದಲ್ಲಿ ನೇರವಾಗಿ ಹೋಗಬಹುದು. ಖಾಸಗಿ ಪಾಲಿಸಿ ಕೊಳ್ಳುವವರು ಮಧುಮೇಹವಿರುವುದನ್ನು ಅರ್ಜಿಯಲ್ಲಿ ಬರೆಯಲೇಬೇಕು, ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿಯನ್ನು (ಪಾಲಿಸಿ ಕೊಂಡ ಮೇಲೂ ಆ ಕಾಯಿಲೆಗೆ ವಿಮೆ ಸಿಗದ ಕಾಲ) 2024ರ ನಿಯಮ ಗರಿಷ್ಠ ಮೂರು ವರ್ಷಕ್ಕೆ ಮಿತಿಗೊಳಿಸಿದೆ. ನಡುವೆ ಪ್ರೀಮಿಯಂ ತಪ್ಪಿ ಪಾಲಿಸಿ ರದ್ದಾದರೆ, ಹೊಸ ಪಾಲಿಸಿಯಲ್ಲಿ ಆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.