ನಿಮ್ಮ ಟ್ಯೂನ್ ಬೇರೆಯವರ ಹಾಡಿನಲ್ಲಿ ಕೇಳಿಸಿದರೆ: ಕೂಗಾಡುವ ಮೊದಲು ಕೂತು ತಾಳೆ ನೋಡಿ

ಜಾತ್ರೆಯ ಮೈಕಿನಲ್ಲೋ ರೀಲ್ಸ್‌ನಲ್ಲೋ ಹೊಸ ಹಾಡೊಂದು ಕಿವಿಗೆ ಬೀಳುತ್ತದೆ. ಪಲ್ಲವಿ ಮುಗಿಯುವಷ್ಟರಲ್ಲಿ ‘ಇದು ಹೋದ ವರ್ಷ ನಾವೇ ಬಿಟ್ಟ ಟ್ಯೂನಲ್ವಾ’ ಅನ್ನಿಸುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಯಲ್ಲೇ ಲ್ಯಾಪ್‌ಟಾಪು, ಮೈಕು ಇಟ್ಟುಕೊಂಡು ಹಾಡು ಮಾಡುವ ಹುಡುಗರಿಗೆ ಈ ಹೊಟ್ಟೆಯುರಿ ಹೊಸದಲ್ಲ. ಆದರೆ ಆ ರಾತ್ರಿಯೇ ‘ಕಳ್ಳ’ ಎಂದು ಹೆಸರು ಹಿಡಿದು ಪೋಸ್ಟ್ ಹಾಕಬೇಡಿ. ಆರೋಪ ಸಾಬೀತಾಗದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ ಕೇಸು ನಿಮ್ಮ ಮೇಲೆಯೇ ಬರಬಹುದು, ಎರಡು ವರ್ಷದವರೆಗೆ ಸಜೆಗೆ ಅಲ್ಲಿ ಅವಕಾಶವಿದೆ. ಕೆಳಗಿನ ಕೆಲಸಕ್ಕೆ ಎರಡು ಸಂಜೆ ಸಾಕು.

ಮೊದಲು ಸಾಕ್ಷ್ಯ

ಎದುರು ಪಾರ್ಟಿಯ ಹಾಡಿನ ಲಿಂಕ್, ಅಪ್‌ಲೋಡ್ ದಿನಾಂಕ, ರಾಗ ಸಂಯೋಜನೆ ಯಾರದೆಂದು ವಿವರಣೆಯಲ್ಲಿ ಬರೆದಿರುವುದು, ಇಷ್ಟನ್ನೂ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಗಲಾಟೆ ಶುರುವಾದ ಮೇಲೆ ಇವೆಲ್ಲ ಬದಲಾಗುತ್ತವೆ.

ನಿಮ್ಮ ಕಡೆಯದಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ಟ್ಯೂನ್ ಹೊಳೆದ ದಿನ ಫೋನಿನಲ್ಲಿ ಗುನುಗಿಟ್ಟ ರೆಕಾರ್ಡಿಂಗ್, ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್, ಗಾಯಕರಿಗೆ ಕಳಿಸಿದ ವಾಯ್ಸ್ ನೋಟ್ ಎಲ್ಲವೂ ಬೇಕಾಗುತ್ತವೆ. ಹಳೆಯ ಪ್ರಾಜೆಕ್ಟನ್ನು ತೆರೆದು ಅಭ್ಯಾಸಬಲದಿಂದ ಸೇವ್ ಒತ್ತಿದರೆ ಅದರ ತಾರೀಕು ಇವತ್ತಿನದಾಗಿಬಿಡುತ್ತದೆ. ಬೇರೆ ಡ್ರೈವಿಗೆ ಕಾಪಿ ಮಾಡಿಕೊಂಡು ಆ ಕಾಪಿಯನ್ನೇ ತೆರೆಯಿರಿ. ವಾಟ್ಸಾಪಿನಲ್ಲಿ ಫಾರ್ವರ್ಡ್ ಆದ ಆಡಿಯೋ ಮೂಲ ಫೈಲ್ ಅಲ್ಲ. ಮೂಲ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಕೋರ್ಟಿನಲ್ಲಿ ಡಿಜಿಟಲ್ ಸಾಕ್ಷ್ಯ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು.

ಎರಡನ್ನೂ ಒಂದೇ ಶ್ರುತಿಗೆ, ಒಂದೇ ಲಯಕ್ಕೆ ತನ್ನಿ

ಸ್ಕೇಲ್ ಬೇರೆ, ವೇಗ ಬೇರೆ ಇದ್ದಾಗ ಕಿವಿ ಎರಡು ರೀತಿ ಮೋಸಹೋಗುತ್ತದೆ: ಒಂದೇ ಟ್ಯೂನ್ ಬೇರೆ ಅನ್ನಿಸಬಹುದು, ಬೇರೆ ಟ್ಯೂನ್ ಒಂದೇ ಅನ್ನಿಸಬಹುದು. ಉಚಿತವಾಗಿ ಸಿಗುವ ಆಡಾಸಿಟಿ ಸಾಫ್ಟ್‌ವೇರ್ ಈ ಕೆಲಸಕ್ಕೆ ಸಾಕು. ನಿಮ್ಮ ಹಾಡು ಸಿ ಸ್ಕೇಲಿನಲ್ಲಿ, ಅವರದು ಡಿ ಶಾರ್ಪ್‌ನಲ್ಲಿ ಇದೆ ಎನ್ನಿ. ಅವರ ಟ್ರ್ಯಾಕನ್ನು ‘ಚೇಂಜ್ ಪಿಚ್’ನಲ್ಲಿ ಮೂರು ಸೆಮಿಟೋನ್ ಇಳಿಸಿ, ಅಂದರೆ ಕೀಬೋರ್ಡಿನಲ್ಲಿ ಕಪ್ಪು ಬಿಳಿ ಎರಡನ್ನೂ ಎಣಿಸಿ ಮೂರು ಮನೆ ಕೆಳಕ್ಕೆ. ಆಮೇಲೆ ವೇಗ. 15 ಸೆಕೆಂಡಿನಲ್ಲಿ ಬೀಳುವ ಬೀಟ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ನಿಮ್ಮದು 96, ಅವರದು 108 ಆದರೆ ‘ಚೇಂಜ್ ಟೆಂಪೋ’ದಲ್ಲಿ ಶೇ 11.1ರಷ್ಟು ತಗ್ಗಿಸಿ. ‘ಸ್ಪೀಡ್’ ಎಂಬ ಹೆಸರಿರುವ ಎಫೆಕ್ಟನ್ನು ಮುಟ್ಟಬೇಡಿ, ಅದು ವೇಗದ ಜೊತೆ ಶ್ರುತಿಯನ್ನೂ ಎಳೆದುಬಿಡುತ್ತದೆ.

ಒಂದು ಹಾಡನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಪ್ಯಾನ್ ಮಾಡಿ, ಎರಡರ ಮೊದಲ ಸಮವನ್ನು (ತಾಳದ ಮೊದಲ ಪೆಟ್ಟನ್ನು) ಒಂದೇ ಗೆರೆಗೆ ಕೂಡಿಸಿ ಹೆಡ್‌ಫೋನಿನಲ್ಲಿ ಕೇಳಿ. ಹಾಡು ಶುರುವಾಗುವ ಜಾಗ, ಅಂದರೆ ಎತ್ತುಗಡೆಯೇ ಬೇರೆ ಬೇರೆ ಕಡೆ ಇದ್ದರೆ ಇಲ್ಲೇ ಗೊತ್ತಾಗುತ್ತದೆ.

ಅವರು ಟ್ಯೂನಷ್ಟೇ ಅಲ್ಲ, ನಿಮ್ಮ ರೆಕಾರ್ಡಿಂಗನ್ನೇ ಎತ್ತಿಕೊಂಡಿದ್ದಾರೆಂಬ ಅನುಮಾನವಿದ್ದರೆ ಶ್ರುತಿ, ವೇಗ ಬದಲಿಸದ ಎರಡು ಟ್ರ್ಯಾಕುಗಳಲ್ಲಿ ಒಂದಕ್ಕೆ ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ‘ಇನ್ವರ್ಟ್’ ಹಾಕಿ, ಎರಡನ್ನೂ ಪ್ಯಾನ್ ಮಾಡದೆ ನಡುವೆಯೇ ಇಟ್ಟು ಒಟ್ಟಿಗೆ ಬಾರಿಸಿ. ಒಂದೇ ರೆಕಾರ್ಡಿಂಗ್ ಆಗಿದ್ದರೆ ಆ ಭಾಗದ ಸದ್ದು ಕುಗ್ಗುತ್ತದೆ. ಯೂಟ್ಯೂಬಿನ ಕಂಪ್ರೆಷನ್ನಿನಿಂದಾಗಿ ಪೂರ್ತಿ ನಿಶ್ಶಬ್ದ ಆಗುವುದಿಲ್ಲ. ಅವರು ವೇಗ ಬದಲಿಸಿದ್ದರಂತೂ ಈ ಪರೀಕ್ಷೆ ನಡೆಯುವುದೇ ಇಲ್ಲ.

ಸ್ವರ ಬರೆದು ಎಣಿಸಿ

ಇಡೀ ಕೆಲಸದ ತಿರುಳು ಇದು. ಸಾಹಿತ್ಯ ಮರೆತು, ವಾದ್ಯ ಮರೆತು, ಪಲ್ಲವಿಯ ಧಾಟಿಯನ್ನು ಮಾತ್ರ ಗುನುಗಿ ಸ್ವರ ಬರೆಯಿರಿ. ಎಂಟು ಎಣಿಕೆಯ ಒಂದು ಆವರ್ತಕ್ಕೆ 16 ಮನೆ ಮಾಡಿಕೊಳ್ಳಿ, ಸ್ವರ ಎಳೆದ ಕಡೆ ಅಲ್ಪವಿರಾಮ ಹಾಕಿ. ಉದಾಹರಣೆಗೆ ಮೋಹನ ರಾಗದ ಸ್ವರಗಳಲ್ಲಿ ಮೂರು ಸಾಲು:

ನಿಮ್ಮದು: ಗ , ಗ ಪ | ಧ , ಪ , | ಗ ರಿ ಗ , | ಸ , , ,
ಎರಡನೆಯದು: ಗ , ಗ ಪ | ಧ ಸ ಧ ಪ | ಗ ರಿ ಗ , | ಸ , , ,
ಮೂರನೆಯದು: ಪ , ಧ ಪ | ಗ , ರಿ , | ಸ ರಿ ಗ ಪ | ಗ , ರಿ ,

ಅಲ್ಪವಿರಾಮಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿಡಿದರೆ ಯಾವ ಹಾಡಾದರೂ ಅರ್ಧ ಹೊಂದಿಕೆಯಾದಂತೆ ಕಾಣುತ್ತದೆ. ನಿಮ್ಮ ಸಾಲಿನಲ್ಲಿ ಸ್ವರ ಬೀಳುವ ಜಾಗ ಒಂಬತ್ತು. ಎರಡನೆಯ ಸಾಲು ಅದೇ ಜಾಗದಲ್ಲಿ ಅದೇ ಸ್ವರವನ್ನು ಎಂಟು ಕಡೆ ಹಿಡಿದಿದೆ. ‘ಧ ಸ ಧ ಪ’ ಎಂದು ನಡುವೆ ಸೇರಿಸಿದ್ದು ಒಂದು ಸಂಗತಿ, ಅಂದರೆ ಅದೇ ಸಾಲನ್ನು ಕೊಂಚ ಬೆಳೆಸಿ ಹಾಡಿದ್ದಷ್ಟೇ. ಮೂರನೆಯದು ಹೊಂದುವುದು ಮೂರು ಕಡೆ ಮಾತ್ರ. ಆದರೂ ಕೇಳುವಾಗ ಅದೂ ಅಣ್ಣತಮ್ಮನಂತೆ ಕಾಣಲು ಕಾರಣ ಮೋಹನ ರಾಗ, ಯಾರ ಕೈವಾಡವೂ ಅಲ್ಲ. ಹೀಗೆ ಪಲ್ಲವಿ, ಅನುಪಲ್ಲವಿ, ಚರಣ ಮೂರನ್ನೂ ಎಣಿಸಿ. ಹಾಡಿಗೆ ಗುರುತು ಕೊಡುವ ಹುಕ್ ಸಾಲಿನ ಹೊಂದಿಕೆಗೆ ಬೆಲೆ ಹೆಚ್ಚು.

‘ಏಳು ಸ್ವರ ದಾಟಿದರೆ ಕಳ್ಳತನ’, ‘ಹತ್ತು ಸೆಕೆಂಡಿನ ಒಳಗಿದ್ದರೆ ತಪ್ಪಿಲ್ಲ’ ಎಂಬ ಮಾತು ಸ್ಟುಡಿಯೋಗಳಲ್ಲಿ ಓಡಾಡುತ್ತದೆ. ಇಂಥ ಅಳತೆ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಇಲ್ಲ. 2008ರಲ್ಲಿ ಕೆಲವೇ ಸೆಕೆಂಡುಗಳ ಜಾಹೀರಾತು ಟ್ಯೂನಿನ ವಿಷಯದಲ್ಲಿ ಬಾಂಬೆ ಹೈಕೋರ್ಟ್ ಹಿಂದಿ ಚಿತ್ರವೊಂದರ ಹಾಡುಗಳಿಗೆ ತಡೆ ಕೊಟ್ಟಿತ್ತು.

ಎಲ್ಲರಿಗೂ ಸೇರಿದ್ದನ್ನು ಕಳೆಯಿರಿ

ರಾಗ, ತಾಳ, ನಾಲ್ಕು ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಸುತ್ತು ಯಾರ ಸೊತ್ತೂ ಅಲ್ಲ. ಇಂಗ್ಲಿಷ್ ಗಾಯಕ ಎಡ್ ಶೀರನ್ ಮೇಲೆ ನ್ಯೂಯಾರ್ಕಿನಲ್ಲಿ ಹೂಡಿದ್ದ ಮೊಕದ್ದಮೆ ಮುಖ್ಯವಾಗಿ ಕಾರ್ಡುಗಳ ಸುತ್ತಿನದು, 2023ರಲ್ಲಿ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ದುಡ್ಡು ಕೊಟ್ಟು ಕೊಳ್ಳುವ, ಸುತ್ತಿ ಸುತ್ತಿ ಬಾರಿಸುವ ರೆಡಿಮೇಡ್ ತುಣುಕುಗಳಾದ ಲೂಪ್‌ಗಳೂ ಹಾಗೆಯೇ: ನೀವೂ ಅವರೂ ಒಂದೇ ಪ್ಯಾಕಿನ ಕೊಳಲು ಬಳಸಿದ್ದರೆ ಇಬ್ಬರ ಹಾಡಿನಲ್ಲೂ ಅದೇ ಕೊಳಲು ಕೇಳಿಸುತ್ತದೆ. ನಿಮ್ಮ ಪ್ಯಾಕಿನ ರಸೀದಿ ಹುಡುಕಿಟ್ಟುಕೊಳ್ಳಿ.

ನಮ್ಮ ಮೂರು ಜಿಲ್ಲೆಗಳಲ್ಲಿ ಜಾಸ್ತಿ ಎಡವುವುದು ಜನಪದದ ಧಾಟಿಯಲ್ಲಿ. ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರದ ಕಡೆ ಸೋಬಾನೆ, ನಾಟಿ ಪದ, ಭಜನೆಗಳು ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಸಲೀಸಾಗಿ ದಾಟುತ್ತವೆ. ಕೈವಾರ ತಾತಯ್ಯನವರ ತತ್ವಪದಗಳು ಎರಡೂ ಭಾಷೆಯಲ್ಲಿವೆ, ಭಜನೆ ಮಂಡಳಿಗಳಲ್ಲಿ ದಿನವೂ ಹಾಡುತ್ತಾರೆ. ಅಲ್ಲಿಂದ ನೀವು ಎತ್ತಿದ ಧಾಟಿಯನ್ನೇ ಇನ್ನೊಬ್ಬರು ಆಂಧ್ರದ ಕಡೆಯಿಂದ ಎತ್ತಿರಬಹುದು. ಆದ್ದರಿಂದ ಮೂರನೆಯ ಹಾಡನ್ನು, ಅಂದರೆ ಇಬ್ಬರಿಗೂ ಮೂಲವಾಗಿರಬಹುದಾದ ಹಳೆಯ ಹಾಡನ್ನು ಹುಡುಕಲೇಬೇಕು: ಊರಿನ ಹಿರಿಯ ಹಾಡುಗಾರ್ತಿಯರ ಮುಂದೆ ನಿಮ್ಮ ಪಲ್ಲವಿಯನ್ನು ಪದವಿಲ್ಲದೆ ಗುನುಗಿ, ಇದನ್ನು ಎಲ್ಲಾದರೂ ಕೇಳಿದ್ದೀರಾ ಅಂತ ಕೇಳಿ. ಕರ್ತೃ ತೀರಿಕೊಂಡು 60 ವರ್ಷ ಕಳೆದ ಕೃತಿ ಎಲ್ಲರಿಗೂ ಮುಕ್ತ.

ಧಾಟಿ ಮುಕ್ತ ಅಂದ ಮಾತ್ರಕ್ಕೆ ರೆಕಾರ್ಡಿಂಗ್ ಮುಕ್ತವಲ್ಲ. ತಮಟೆಯ ಪೆಟ್ಟಿನ ಲೆಕ್ಕವನ್ನು ಯಾರು ಬೇಕಾದರೂ ಕಲಿತು ಬಾರಿಸಬಹುದು. ಒಬ್ಬ ಕಲಾವಿದ ಬಾರಿಸಿದ ರೆಕಾರ್ಡಿಂಗನ್ನು ಕತ್ತರಿಸಿ ಲೂಪ್ ಮಾಡಲು ಅನುಮತಿ ಬೇಕು. ಧ್ವನಿಮುದ್ರಣಕ್ಕೆ 60 ವರ್ಷ, ನುಡಿಸಿದವರ ಹಕ್ಕಿಗೆ 50 ವರ್ಷ ರಕ್ಷಣೆಯಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದೇ ತಮಟೆಗೆ. ಅಂಥ ಕೈಗಳ ದುಡಿಮೆಯನ್ನು ಪುಕ್ಕಟೆ ಲೂಪ್ ಅಂದುಕೊಳ್ಳುವುದು ಅನ್ಯಾಯ.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವ, ನಿಮ್ಮಿಬ್ಬರ ಹಾಡಿನಲ್ಲಿ ಮಾತ್ರ ಇರುವ ಹೊಂದಿಕೆಯೇ ನಿಮ್ಮ ದೂರು. ಅದನ್ನು ಇಬ್ಬರಿಗೆ ತೋರಿಸಿ: ವಿದ್ವತ್ ಮುಗಿಸಿದ ಸಂಗೀತದ ಮೇಷ್ಟ್ರು ಒಬ್ಬರು, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರು ಒಬ್ಬರು. ಯಾವುದು ನಿಮ್ಮದೆಂದು ಹೇಳದೆ ‘ಒಂದು’, ‘ಎರಡು’ ಅಂತ ಮಾತ್ರ ಕೇಳಿಸಿ. ಎದುರಿನವರು ನಿಮ್ಮ ಹಾಡನ್ನು ಕೇಳಿರಲು ದಾರಿ ಇತ್ತೇ ಎಂಬುದನ್ನೂ ಬರೆದಿಡಿ: ಡೆಮೊ ಯಾರಿಗೆ ಕಳಿಸಿದ್ದಿರಿ, ಯಾವ ಸ್ಟುಡಿಯೋದಲ್ಲಿ ಮಿಕ್ಸ್ ಆಯಿತು.

ಹಕ್ಕು ಯಾರ ಕೈಯಲ್ಲಿದೆ?

ಆಡಿಯೋ ಕಂಪನಿಗೆ ಸಹಿ ಹಾಕಿಕೊಟ್ಟಿದ್ದರೆ ಆ ಕರಾರನ್ನು ಹುಡುಕಿ ಓದಿ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಆದರೆ ಸಂಗೀತ ಕೃತಿಗೆ ಶುಲ್ಕ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000. ಮುಂದಿನ ಹಾಡಿಗಾದರೂ ಮಾಡಿಸಿ.

ಮೊದಲು ಎದುರಿನವರಿಗೇ ಸ್ವರದ ಹಾಳೆಯ ಸಮೇತ ಪತ್ರ ಬರೆಯಿರಿ. ಹೆಸರು ಹಾಕಿ, ಆದಾಯದಲ್ಲಿ ಪಾಲು ಕೊಡಿ ಎಂದು ಬೇಡಿಕೆ ಸ್ಪಷ್ಟವಾಗಿರಲಿ. ಒಪ್ಪದಿದ್ದರೆ ಯೂಟ್ಯೂಬಿಗೆ ಕಾಪಿರೈಟ್ ದೂರು. ಕಾಪಿರೈಟ್ ನಿಯಮ 75ರಂತೆ ಸರಿಯಾದ ಲಿಖಿತ ದೂರು ತಲುಪಿದ 36 ಗಂಟೆಯೊಳಗೆ ವೇದಿಕೆ ಕ್ರಮ ಕೈಗೊಳ್ಳಬೇಕು. 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಹಾಡು ಮರಳಬಹುದು, ಹಾಗಾಗಿ ವಕೀಲರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ತದ್ವಿರುದ್ಧವಾಗಿ ನಿಮ್ಮ ಹಾಡಿನ ಮೇಲೆಯೇ ಕಂಟೆಂಟ್ ಐಡಿ ಕ್ಲೇಮ್ (ಯೂಟ್ಯೂಬಿನ ಯಂತ್ರವೇ ಹೊಂದಿಕೆ ಹುಡುಕಿ ಹಾಕುವ ಹಕ್ಕಿನ ದೂರು) ಬಿದ್ದರೆ ‘ಡಿಸ್ಪ್ಯೂಟ್’ ಹಾಕಿ, ಕ್ಲೇಮ್ ಹಾಕಿದವರು 30 ದಿನದಲ್ಲಿ ಉತ್ತರ ಕೊಡಬೇಕು.

ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಎದುರಿನವರು ಬೇರೆ ರಾಜ್ಯದವರಾದರೂ ತುಮಕೂರಿನವರು ತುಮಕೂರಿನಲ್ಲೇ ಕೇಳಬಹುದು. ಬಹಳ ಸಲ ಮುಖ್ಯವಾಗುವುದು ತಾತ್ಕಾಲಿಕ ತಡೆ: 2022ರಲ್ಲಿ ‘ಕಾಂತಾರ’ದ ‘ವರಾಹ ರೂಪಂ’ ಹಾಡಿನ ಮೇಲೆ ಕೇರಳದ ತೈಕ್ಕುಡಂ ಬ್ರಿಡ್ಜ್ ಸಂಗೀತ ತಂಡ ದೂರು ಕೊಟ್ಟಾಗ ಕೋಝಿಕ್ಕೋಡ್ ನ್ಯಾಯಾಲಯ ತಡೆ ಕೊಟ್ಟು, ಒಟಿಟಿಯಲ್ಲಿ ಚಿತ್ರ ಬೇರೆ ಟ್ಯೂನಿನೊಂದಿಗೆ ಬಂತು, ಮೂಲ ಟ್ಯೂನ್ ಆಮೇಲೆ ಮರಳಿತು. ದಾವೆಯ ಮೊತ್ತ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದು, ತುರ್ತು ತಡೆ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಹಾಡು ಹೊರಬಂದು ಮೂರು ವರ್ಷ ಕಳೆಯುವುದರೊಳಗೆ ದಾವೆ ಹೂಡಿ. ವಕೀಲರ ಖರ್ಚಿಗೆ ಹೆದರುವ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದ ಕಲಾವಿದರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಲಿ, ಆದಾಯ ಎಷ್ಟೇ ಇದ್ದರೂ ಅವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.